ಕುರಿಯಿಲ್ಲದವನು ಸತ್ತಂತೆ

ಮತ್ತೋಡಿನ ತಿಮ್ಮರಾಯಪ್ಪ ಸತ್ತದ್ದು ಎಪ್ಪತ್ತಾರರ ಉಗಾದಿ ಕಳೆದ ಮೊದಲ ಸೋಮವಾರ. ಸತ್ತ ಮೇಲೆ ಎದ್ದು, ಪಂಚೆ ಕೊಡವಿಕೊಂಡು, ಒಂದು ಚೊಂಬು ನೀರು ಕುಡಿದು, ತನ್ನ ಹಿಟ್ಟಿನ ಗಿರಣಿಗೆ ಹೋಗಿ ಯಾರದೋ ರಾಗಿ ಬೀಸಿದ. ಮುಖ ಮಾತ್ರ ನಿಜವಾಗಿ ಸತ್ತವನದೇ.

ಇದು ಅರ್ಥವಾಗಬೇಕಾದರೆ ನಮ್ಮ ಆಟದ ವಿಷಯ ಹೇಳಬೇಕು. ಅವನ ಗಿರಣಿಗೂ ನನ್ನ ಸೈಕಲ್ ಶಾಪಿಗೂ ನಡುವೆ ಒಂದು ಬೇವಿನ ಮರ, ಮರದ ಕೆಳಗೆ ಅಗಲವಾದ ಚಪ್ಪಡಿ. ಸೋಮವಾರ ನಮ್ಮ ಕಡೆ ಯಾರೂ ಎತ್ತು ಹೂಡುವುದಿಲ್ಲ. ಎತ್ತಿಗೆ ರಜ ಸಿಕ್ಕಿದ ಮೇಲೆ ಮನುಷ್ಯನಿಗೂ ಸಿಗಬೇಕಲ್ಲ. ಮಧ್ಯಾಹ್ನ ಉಂಡು ಎಲ್ಲರೂ ಆ ಚಪ್ಪಡಿಯ ಮೇಲೆ ಸೇರಿ 'ಏಳು ಸುತ್ತಿನಾಟ' ಆಡುತ್ತಿದ್ದೆವು.

ಹೆಸರೇ ಹೇಳುವ ಹಾಗೆ ದುರ್ಗದ ಕೋಟೆಯ ಆಟ. ಆದರೆ ಚೌಕಾಬಾರದಂತೆ ಮನೆ ಬರೆದು ಕಾಯಿ ನಡೆಸುವುದಲ್ಲ. ಇದರಲ್ಲಿ ಕಾಯಿ ನಾವೇ. ಒಬ್ಬೊಬ್ಬರಿಗೆ ಒಂದೊಂದು ವೇಷ. ನಾನು ಬೈರಾಗಿ. ಆಟ ನಡೆಸುವವನಿಗೆ ಯಜಮಾನ ಅಂತ ಹೆಸರು. ನಮ್ಮ ಯಜಮಾನ ಕುರಿ ಸಾಕಿಯೇ ಹಲ್ಲು ಕಳಕೊಂಡ ಎತ್ತಪ್ಪ. ಅವನು ಕಣ್ಣು ಮುಚ್ಚಿ, "ಮುಂದೆ ಒಂದು ಬಾಗಿಲೈತೆ. ಬಾಗಿಲ ಮುಂದೆ ಹೊಂಡ ಐತೆ. ಹೊಂಡದಾಗೆ ಏನೈತೋ ನಂಗೊತ್ತು, ಹೇಳಾಕಿಲ್ಲ. ಏನ್ಮಾಡ್ತೀಯ?" ಅನ್ನುತ್ತಾನೆ. ನಾವು ಏನು ಮಾಡುತ್ತೇವೆಂದು ಹೇಳಿ ಕವಡೆ ಬಿಡಬೇಕು. ಹೇಳಿದ್ದು ನಡೆಯಿತೋ, ಹೊಂಡಕ್ಕೆ ಬಿದ್ದೆವೋ, ಕವಡೆ ಹೇಳುತ್ತದೆ. ಹಾಗೆ ಏಳು ಸುತ್ತು ದಾಟಬೇಕು.

ಇದನ್ನೆಲ್ಲ ಕಟ್ಟಿದವರು ದುರ್ಗದ ಡ್ರಾಯಿಂಗ್ ಮೇಷ್ಟ್ರು ಚಿತ್ರಲಿಂಗಪ್ಪ. ತಾವೇ ಯೋಚಿಸಿ, ತಾವೇ ನಿಯಮ ಬರೆದು, ಎಪ್ಪತ್ತೊಂದರಲ್ಲಿ ಸಣ್ಣ ಪುಸ್ತಕ ಅಚ್ಚು ಹಾಕಿಸಿದ್ದರು. ಎತ್ತಪ್ಪ ಹಾಲುರಾಮೇಶ್ವರಕ್ಕೆ ಹೋದಾಗ ಅಲ್ಲಿನ ಅಂಗಡಿಯಲ್ಲಿ ಕಂಡು ದೇವರ ಪುಸ್ತಕ ಅಂದುಕೊಂಡು ತಂದ. ಊದುಬತ್ತಿ ಹಚ್ಚಿಟ್ಟುಕೊಂಡೇ ಓದಲು ಕೂತನಂತೆ. ಎರಡು ಪುಟವಾದರೂ ದೇವರ ಸುದ್ದಿ ಬರಲಿಲ್ಲ, ಕುರಿ ಸುದ್ದಿ ಬಂತು. ಕುರಿ ಸುದ್ದಿ ಬಂದ ಮೇಲೆ ಎತ್ತಪ್ಪ ಪುಸ್ತಕ ಕೆಳಗಿಡುವ ಪೈಕಿ ಅಲ್ಲ.

ಪುಸ್ತಕದಲ್ಲಿ ಇದ್ದದ್ದು ಹೀಗೆ: 'ಪ್ರತಿಯೊಬ್ಬ ಆಟಗಾರನಿಗೂ ಒಂದು ಕುರಿ ಇರಲೇಬೇಕು.' 'ಕುರಿ ದೊಡ್ಡದಾದಷ್ಟೂ ಆಟಕ್ಕೆ ಶೋಭೆ.' 'ತನ್ನ ಕುರಿಯ ಮೇಲೆ ಸದಾ ಕಣ್ಣಿಟ್ಟಿರತಕ್ಕದ್ದು.' ಕೊನೆಗೆ, ದಪ್ಪಕ್ಷರದಲ್ಲಿ: 'ಕುರಿಯಿಲ್ಲದವನು ಸತ್ತಂತೆ.'

ಬೇರೆ ಊರಿನವರಾಗಿದ್ದರೆ ಕೋಟೆ ಹಿಡಿಯುವುದಕ್ಕೂ ಕುರಿಗೂ ಏನು ಸಂಬಂಧ ಅಂತ ಕೇಳುತ್ತಿದ್ದರು. ನಮ್ಮೂರಲ್ಲಿ ಅರ್ಧಕ್ಕರ್ಧ ಕುರಿ ಸಾಕುವ ಮನೆಗಳು. ಒಬ್ಬರಿಗೂ ಅನುಮಾನ ಬರಲಿಲ್ಲ. "ಮೇಷ್ಟ್ರು ತಿಳ್ದೋನು ಕಣ್ರಲೇ," ಅಂದ ಎತ್ತಪ್ಪ. "ಕುರಿ ಬಿಟ್ಟು ಕ್ವಾಟೆ ಹಿಡಿಯಾಕೆ ಹೋದ್ರೆ ಕುರೀನ ಅವನಜ್ಜ ನೋಡ್ಕಂತಾನಾ?"

ಹೀಗೆ ಐದು ವರ್ಷ ನಮ್ಮ ಆಟದಲ್ಲಿ ಸೇನಾಪತಿ, ಕಳ್ಳ, ಬೈರಾಗಿ ಎಲ್ಲರೂ ತಮ್ಮ ತಮ್ಮ ಕುರಿ ಹೊಡೆದುಕೊಂಡೇ ಕೋಟೆಗೆ ಮುತ್ತಿಗೆ ಹಾಕುತ್ತಿದ್ದೆವು. ಕವಡೆ ಚೆನ್ನಾಗಿ ಬಿದ್ದರೆ ಕುರಿ ಮರಿ ಹಾಕುತ್ತಿತ್ತು. ಮಳೆ ಬಂದರೆ ಕಾಲುಬಾಯಿ ಜ್ವರ. ನನ್ನ ಕುರಿಗೆ ಒಂದು ಕಣ್ಣು ಹೋಗಿತ್ತು. ಅದು ಬೈರಾಗಿಗೆ ತಕ್ಕ ಕುರಿ ಅಂತ ಎಲ್ಲರೂ ಒಪ್ಪಿದ್ದರು.

ಆಟದಲ್ಲಿ ಎಲ್ಲರಿಗಿಂತ ದೊಡ್ಡ ಹಿಂಡು ಕಾಳಕ್ಕನದು. ಹೊರಗೂ ಆಕೆಗೆ ಕುರಿ ಇದ್ದವು. ಗಂಡ ತೀರಿಕೊಂಡ ಮೇಲೆ ತಾನೇ ಹಿಂಡು ನಡೆಸಿಕೊಂಡು ಬಂದ ಹೆಂಗಸು. ಆಕೆಯ ನಾಲಿಗೆಗೆ ಹೆದರಿ ತೋಳವೂ ಆ ಕಡೆ ಬರುವುದಿಲ್ಲ ಅನ್ನುತ್ತಿದ್ದರು. ಆಕೆಯ ವೇಷ ಐದನೇ ಸುತ್ತಿನ ಬಾಗಿಲ ಕಾವಲುಗಾತಿ. ತಿಮ್ಮರಾಯಪ್ಪನದು ಗೂಢಚಾರ. ಅವನು ಪ್ರತಿ ಸೋಮವಾರ ಹೊಸ ಹೊಸ ಸೋಗು ಹಾಕಿಕೊಂಡು ಆ ಬಾಗಿಲಿಗೆ ಬರುವುದು, ಆಕೆ ಅವನನ್ನು ನಿಲ್ಲಿಸಿ ಸುಲಿಯುವುದು. ನಾವೆಲ್ಲ ಹಿಂದೆ ಸಾಲುಗಟ್ಟಿ ನಿಂತು ಕೇಳುವುದು.

"ಯಾರಲೇ ನೀನು?"

"ಬಳೆ ಮಾರೋನು ತಾಯಿ."

"ಬಳೆ ಎಲ್ಲವೆ?"

"ದಾರ್ಯಾಗೆ ಖರ್ಚಾಗೋದ್ವು."

"ಮತ್ತೆ ಒಳಗೋಗಿ ಏನು ಮಾರ್ತೀಯ, ನಿನ್ ಮೀಸೆನಾ?"

"ಮೀಸೆ ಮಾರಾದಲ್ಲ. ಬೇಕಾದ್ರೆ ನಿಮ್ಗೆ ಒತ್ತೆ ಇಡ್ತೀನಿ."

"ಇಟ್ಕಂಡು ಏನ್ ಮಾಡ್ಲಿ, ಒಲೆ ಗುಡಿಸ್ಲಾ?"

ಬಳೆಗಾರ, ಕ್ಷೌರಿಕ, ಜೋಯಿಸ, ಒಮ್ಮೆ ಸೂಲಗಿತ್ತಿ ಕೂಡ ಆಗಿ ಬಂದ. ಆಕೆ ಒಳಗೆ ಬಿಡಲಿಲ್ಲ. ಬಿಟ್ಟರೆ ಮಾತು ಮುಗಿಯುತ್ತಲ್ಲ! ಆಟದ ಹೊರಗೆ ನೋಡಿದರೆ, ಆಕೆ ರಾಗಿ ಪುಟ್ಟಿ ತಂದು ಗಿರಣಿಯಲ್ಲಿ ಇಡುವಳು. ತಲೆ ಎತ್ತುವುದಿಲ್ಲ. ಇವನು ಬೀಸಿ ಕೊಡುವನು. ತಲೆ ಎತ್ತುವುದಿಲ್ಲ. ಇವನ ಹೆಂಡತಿ ತೀರಿಹೋಗಿಯೂ ಬಹಳ ಕಾಲವಾಗಿತ್ತು. ಅವರ ಕುಲದಲ್ಲಿ ಗಂಡ ಸತ್ತವಳು ಕೂಡಿಕೆ ಮಾಡಿಕೊಂಡು ಇನ್ನೊಬ್ಬನ ಮನೆ ತುಂಬುವುದು ಹಿಂದಿನಿಂದ ಬಂದದ್ದೇ, ಯಾರ ಅಡ್ಡಿಯೂ ಇಲ್ಲ. ಇವರಿಬ್ಬರ ವಿಷಯ ಇಡೀ ಊರಿಗೆ ಗೊತ್ತಿತ್ತು. ಊರಿಗೆ ಗೊತ್ತಿದೆ ಅನ್ನುವುದು ಇವರಿಬ್ಬರಿಗೆ ಮಾತ್ರ ಗೊತ್ತಿರಲಿಲ್ಲ.

ಆ ಸೋಮವಾರ ಅವನು ಪೂಜಾರಿ ಸೋಗಿನಲ್ಲಿ, ಕುರಿಯ ಹಣೆಗೆ ಕುಂಕುಮ ಹಚ್ಚಿಕೊಂಡು ಬಂದ. ಕವಡೆ ಬಿಟ್ಟ. ಎಲ್ಲವೂ ಬೋರಲು ಬಿದ್ದವು. ಎತ್ತಪ್ಪ ಕಣ್ಣು ಮುಚ್ಚಿ, ಕೆಮ್ಮಿ, "ಕಿರುಬ ಬಂತು. ಕುರಿ ಹೊತ್ಕಂಡು ಹೋತು," ಅಂದ.

ಇನ್ನೊಂದು ಸಲ ಬಿಡಲಿ ಅಂದೆ ನಾನು. ಎತ್ತಪ್ಪ ಪುಸ್ತಕ ತೆಗೆದ. ಕುರಿಯಿಲ್ಲದವನು ಸತ್ತಂತೆ. ಅದರ ಕೆಳಗೇ ಇನ್ನೊಂದು ಸಾಲು: 'ಸತ್ತವನು ಮುಂದಿನ ಉಗಾದಿಯವರೆಗೆ ಆಟದ ಬಳಿ ಸುಳಿಯಬಾರದು.' ಬೇವು ಬೆಲ್ಲದ ಕಹಿ ಇನ್ನೂ ಬಾಯಲ್ಲಿತ್ತು. ಮುಂದಿನ ಉಗಾದಿ ಅಂದರೆ ವರ್ಷ.

"ಏಳಪ್ಪ ಏಳು," ಅಂದಳು ಜುಂಜಮ್ಮ. ಆಕೆ ಆಟದಲ್ಲಿ ಕಳ್ಳಿ, ಮಾತಿನಲ್ಲಿ ಕೊಡಲಿ. "ಹೆಣ ಜಾಸ್ತಿ ಹೊತ್ತು ಇಟ್ಕಬಾರ್ದು."

ಎಲ್ಲರೂ ನಕ್ಕರು. ಕಾಳಕ್ಕ ಒಬ್ಬಳು ನಗಲಿಲ್ಲ. ಸೆರಗಿನ ತುದಿಗೆ ಗಂಟು ಹಾಕುತ್ತ ಬಿಚ್ಚುತ್ತ ಕೂತಿದ್ದಳು.

ಸಂಜೆ ತಿಮ್ಮರಾಯಪ್ಪ ನನ್ನ ಶಾಪಿಗೆ ಬಂದು ಪಂಚರಾದ ಟ್ಯೂಬಿನ ಎದುರು ಕೂತ. "ಚಿತ್ತಯ್ಯ, ಒಂದು ವರ್ಷ ಏನು ಮಾಡ್ಲಪ್ಪ?"

"ರಾಗಿ ಬೀಸು."

"ಆಕೆ ಜೊತೆ ಮಾತಾಡಾದು ಹೆಂಗೆ?"

"ಬಾಯಾಗೆ."

"ತಮಾಷೆ ಮಾಡಬ್ಯಾಡಲೇ. ಗೂಢಚಾರ ಆದ್ರೆ ಮಾತು ತಾವೇ ಬರ್ತವೆ. ತಿಮ್ಮರಾಯಪ್ಪ ಆದ್ರೆ ಒಣ ಹಿಟ್ಟು ಮುಕ್ಕಿದಂಗಾಗ್ತೈತೆ."

ನನಗೆ ಅಯ್ಯೋ ಅನ್ನಿಸಿತು. ಅದೇ ವಾರ ಹಿರಿಯೂರಿನ ಪಕ್ಕದ ಬಬ್ಬೂರು ಫಾರಮ್ಮಿನಲ್ಲಿ ಕೆಲಸಕ್ಕಿದ್ದ ನಮ್ಮೂರ ರಂಗಯ್ಯ ರಜಕ್ಕೆ ಬಂದವನು ಒಂದು ಸುದ್ದಿ ತಂದ. ಆ ಕಡೆಯೂ ಈ ಆಟ ಹಬ್ಬಿದೆಯಂತೆ. ಆದರೆ ಅವರು ಆಡುವುದು ಹೊಸ ಪುಸ್ತಕ ನೋಡಿ. "ಎರಡನೇ ಆವೃತ್ತಿ ಬಂದೈತೆ ಕಣ್ರಲೇ. ಅದ್ರಾಗೆ ಸತ್ತೋರು ಎದ್ದು ಬರ್ತಾರೆ," ಅಂದ.

ತಿಮ್ಮರಾಯಪ್ಪ ಗಿರಣಿಯ ಬೆಲ್ಟು ಕಳಚಿಯೇ ಬಿಟ್ಟ. "ನಡಿ, ದುರ್ಗಕ್ಕೆ ಹೋಗಾಣ." ಎತ್ತಪ್ಪನ ಹಳೇ ಪುಸ್ತಕ ಕಡ ಇಸಿದುಕೊಂಡು ಇಬ್ಬರೂ ಬಸ್ ಹತ್ತಿದೆವು. ಹೊಸದುರ್ಗದಲ್ಲಿ ಬಸ್ ಬದಲಿಸಿ, ಹೊಳಲ್ಕೆರೆಯಲ್ಲಿ ಡ್ರೈವರು ಮಂಡಕ್ಕಿ ತಿನ್ನುವವರೆಗೆ ಕಾದು, ಧೂಳು ಬಡಿದುಕೊಂಡು ದುರ್ಗದಲ್ಲಿ ಇಳಿದಾಗ ತಿಮ್ಮರಾಯಪ್ಪ ಹಿಟ್ಟಿಲ್ಲದೆಯೂ ಗಿರಣಿಯವನ ಹಾಗೇ ಕಾಣುತ್ತಿದ್ದ.

ಚಿತ್ರಲಿಂಗಪ್ಪ ಮೇಷ್ಟ್ರ ಮನೆ ಬೆಟ್ಟದ ಬುಡದಲ್ಲಿ. ಗೋಡೆ ತುಂಬ ಕೋಟೆಯ ಚಿತ್ರ, ಕನ್ನಡಕಕ್ಕೆ ದಾರ, ಕೈಗೆಲ್ಲ ಮಸಿ. ಮತ್ತೋಡಿನಲ್ಲಿ ಐದು ವರ್ಷದಿಂದ ನಿಮ್ಮ ಆಟವೇ ಅಂದಾಗ ಮುದುಕರ ಮುಖ ಅರಳಿತು. "ಬರ್ರಿ, ಬರ್ರಿ, ಕುಂತ್ಕಳ್ರಿ," ಅಂತ ಚಾಪೆ ಹಾಸಿದರು.

"ಒಂದು ಅನುಮಾನ ಸ್ವಾಮಿ," ಅಂದ ತಿಮ್ಮರಾಯಪ್ಪ. "ಕಿರುಬ ಹೊತ್ಕಂಡು ಹೋದ ಕುರಿ ವಾಪಸ್ ಬರೋ ನಿಯಮ ಏನಾದ್ರೂ ಐತಾ?"

"ಯಾವ ಕುರಿ?"

"ನನ್ನ ಕುರಿ. ಪೂಜಾರಿ ಆಗಿ ಹೋಗ್ತಿದ್ನಲ್ಲ, ಆವಾಗ."

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಹಳೇ ಪುಸ್ತಕ ಬಿಚ್ಚಿ ತೋರಿಸಿದೆ. ಅವರು ನೋಡಿದ್ದೇ ತಲೆ ಚಚ್ಚಿಕೊಂಡರು.

"ಇದನ್ನ ನೋಡ್ಕಂಡು ಆಡಿದ್ರಾ? ನಾನು ಬರೆದಿದ್ದು ಗುರಿ ಕಣ್ರೀ! ಗುರಿ! ಪ್ರತಿಯೊಬ್ಬ ಆಟಗಾರನಿಗೂ ಒಂದು ಗುರಿ ಇರಲೇಬೇಕು! ಗುರಿಯಿಲ್ಲದವನು ಸತ್ತಂತೆ! ಆ ಪ್ರೆಸ್ಸಾಗೆ ಅಚ್ಚಿನ ಮೊಳೆ ಜೋಡಿಸೋನು ಕುರಿ ಸಾಕೋ ಮನೆಯೋನು. ಗ ತಗಳ್ಳೋ ಅಂದ್ರೆ ಕೈ ತಾನಾಗೇ ಕ ಕಡೆ ಹೋಗೈತೆ. ಪುಸ್ತಕದ ತುಂಬ ಕುರಿ ನುಗ್ಗಿಸಿಬಿಟ್ಟ!"

ನಾನು ಬಾಯಿ ಮುಚ್ಚಿಕೊಂಡೆ. ನಕ್ಕರೆ ಹೊಸ ಪುಸ್ತಕ ಕೊಡುವುದಿಲ್ಲವೇನೋ ಅಂತ ಭಯ.

"ಅಂದ್ರೆ ಕುರಿನೇ ಇಲ್ಲ," ಅಂದ ತಿಮ್ಮರಾಯಪ್ಪ ನಿಧಾನವಾಗಿ. "ಕುರಿ ಇಲ್ಲ ಅಂದ್ಮೇಲೆ ಕಿರುಬ ಏನು ಹೊತ್ಕಂಡು ಹೋತು? ನಾನು ಸತ್ತೇ ಇಲ್ಲ!"

"ಅದೆಂಗಾಗುತ್ತೆ? ಗುರಿ ಇತ್ತಾ ನಿಂಗೆ? ಏನು ನಿನ್ನ ಗುರಿ?"

ತಿಮ್ಮರಾಯಪ್ಪ ಚಾಪೆಯ ಕಡ್ಡಿ ಕೀಳಲು ಶುರುಮಾಡಿದ. ಒಂದು, ಎರಡು, ಮೇಷ್ಟ್ರ ಚಾಪೆ ಹಾಳಾಗುವ ಮುಂಚೆ ನಾನು ಹೊಸ ಪುಸ್ತಕ ಕೇಳಿದೆ. ಕೊಟ್ಟರು. ಬಾಗಿಲವರೆಗೂ ಬಂದು, ಆ ಕಡೆ ಈ ಕಡೆ ನೋಡಿ, ಮೆಲ್ಲಗೆ ಕೇಳಿದರು: "ಅಲ್ರೀ, ಕುರಿ ಇಟ್ಕಂಡು ಹೆಂಗೆ ಆಡ್ತಿದ್ರಿ? ಮರಿ ಗಿರಿ ಹಾಕ್ತಿದ್ವಾ?"

"ಕವಡೆ ಚೆನ್ನಾಗಿ ಬಿದ್ರೆ ಅವಳಿ ಮರಿ ಸ್ವಾಮಿ."

"ಛೆ," ಅಂದರು. ಅದು ಬೇಸರವೋ ಹೊಟ್ಟೆಕಿಚ್ಚೋ ನನಗೆ ತಿಳಿಯಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಎರಡೂ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಸಾಲು ಸಾಲಾಗಿ ತಾಳೆ ನೋಡಿದೆ. ನಾನು ಶಾಲೆಗೆ ಹೋದವನಲ್ಲ. ಸೈಕಲ್ ಕಂಪನಿಗಳ ಬೋರ್ಡು ನೋಡಿ ಅಕ್ಷರ ಕಲಿತವನು. ಆದ್ದರಿಂದ ಅಕ್ಷರವನ್ನು ಬೋಲ್ಟು ನೋಡಿದಂತೆ ತಿರುಗಿಸಿ ತಿರುಗಿಸಿ ನೋಡುವ ಅಭ್ಯಾಸ. ಹಳೆಯದರಲ್ಲಿ ಕವಡೆ, ಹೊಸದರಲ್ಲಿ ಪ್ಲಾಸ್ಟಿಕ್ ದಾಳ. ಹಳೆಯದರಲ್ಲಿ ಕಳ್ಳ ಸಿಕ್ಕಿಬಿದ್ದರೆ ಎಲ್ಲರೂ ಸೇರಿ ಬೈಯಬೇಕು, ಅದಕ್ಕೆ ಅರ್ಧ ಪುಟ ಬೈಗಳೇ ಕೊಟ್ಟಿದ್ದರು. ಹೊಸದರಲ್ಲಿ 'ಕಳ್ಳನನ್ನು ಕಾನೂನಿನ ವಶಕ್ಕೆ ಒಪ್ಪಿಸತಕ್ಕದ್ದು.' ಎಮರ್ಜೆನ್ಸಿ ಗಾಳಿ ಮೇಷ್ಟ್ರಿಗೂ ಬಡಿದಿತ್ತು. 'ಆಟಗಾರರು ವೇಳೆಗೆ ಸರಿಯಾಗಿ ಬರತಕ್ಕದ್ದು, ಅನಾವಶ್ಯಕವಾಗಿ ಗುಂಪುಗೂಡಬಾರದು' ಅಂತ ಬೇರೆ. ಗುಂಪುಗೂಡದೆ ಕೋಟೆಗೆ ಮುತ್ತಿಗೆ ಹಾಕುವುದು ಹೇಗೆ ಅನ್ನುವುದನ್ನು ಮಾತ್ರ ಬರೆದಿರಲಿಲ್ಲ.

ಇನ್ನು ಕುರಿ. ಈ ಸಲ ಒಂದೇ ಒಂದು ಕುರಿಯೂ ಉಳಿಯಬಾರದು ಅಂತ ಮೇಷ್ಟ್ರು ಹೊಸ ಪ್ರೆಸ್ಸಿನವರಿಗೆ ತಾಕೀತು ಮಾಡಿದ್ದಿರಬೇಕು. ಅವರೂ ಅಕ್ಷರಶಃ ಪಾಲಿಸಿದ್ದರು. ಹಳೇ ಪುಸ್ತಕದಲ್ಲಿ ನಿಜವಾಗಿಯೂ ಕುರಿ ಇರಬೇಕಾದ ಒಂದೇ ಜಾಗ ಇತ್ತು. ಅಲ್ಲಿಯೂ ಈಗ ಹೀಗಿತ್ತು: 'ಮೂರನೇ ಸುತ್ತು ಗೆದ್ದವರು ಒಂದು ಕೊಬ್ಬಿದ ಗುರಿಯನ್ನು ಕಡಿದು ಎಲ್ಲರಿಗೂ ಊಟ ಹಾಕಿಸತಕ್ಕದ್ದು.' ನಾನು ಗಟ್ಟಿಯಾಗಿ ನಕ್ಕದ್ದಕ್ಕೆ ಕಂಡಕ್ಟರು ಬಂದು ಟಿಕೆಟ್ ಇನ್ನೊಮ್ಮೆ ನೋಡಿದ.

"ನಗು ಸಾಕು. ಸತ್ತೋರದ್ದು ಓದು," ಅಂದ ತಿಮ್ಮರಾಯಪ್ಪ.

ಓದಿದೆ. 'ಸತ್ತವನು ಸಭೆಯ ಮುಂದೆ ಎದ್ದು ನಿಂತು ತನ್ನ ಗುರಿಯನ್ನು ಬಾಯಿಬಿಟ್ಟು ಹೇಳಿದಲ್ಲಿ ಆ ಕ್ಷಣವೇ ಮರುಜೀವ ಪಡೆಯತಕ್ಕದ್ದು.'

ಬಸ್ಸು ಒಂದು ಹಳ್ಳ ಇಳಿದು ಹತ್ತುವವರೆಗೂ ಅವನು ಆ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಇದ್ದ. ಆಮೇಲೆ, "ಬಾಯಿಬಿಟ್ಟು ಅಂತಾನೇ ಐತಾ?"

"ಐತೆ."

"ಸರಿಯಾಗಿ ನೋಡು. ಆ ಪ್ರೆಸ್ಸೋರನ್ನ ನಂಬಂಗಿಲ್ಲ. ನಾಯಿಬಿಟ್ಟು ಅಂತ ಇರಬೋದು."

"ನಾಯಿ ಬಿಟ್ಟು ಹೇಳ್ಸಿದ್ರೆ ಇನ್ನೂ ಬ್ಯಾಗ ಹೇಳ್ತೀಯ ಬಿಡು."

ಮುಂದಿನ ಸೋಮವಾರ ಬೇವಿನ ಮರದ ಕೆಳಗೆ ಜನವೋ ಜನ. ಸತ್ತವನು ಪುಸ್ತಕ ತಂದಿದ್ದಾನೆ ಅಂತ ಸುದ್ದಿ ಹಬ್ಬಿತ್ತು. ತಿಮ್ಮರಾಯಪ್ಪ ನಿಯಮದ ಪ್ರಕಾರ ದೂರದಲ್ಲಿ, ನನ್ನ ಶಾಪಿನ ಪಂಪಿನ ಪಕ್ಕ ನಿಂತಿದ್ದ. ನಾನು ಕುರಿ ಗುರಿ ಎಲ್ಲ ವಿವರಿಸಿ ಹೇಳಿದೆ.

ಮೊದಲು ಎದ್ದವಳು ಕಾಳಕ್ಕ. "ಹಂಗಾದ್ರೆ ನನ್ನ ಕುರಿ ಎಲ್ಲೋದ್ವು?"

"ಅವು ಮಿಸ್ಟೇಕು ಕಾಳಕ್ಕ. ಮೇಷ್ಟ್ರೇ ಹೇಳಿದ್ರು."

"ಮಿಸ್ಟೇಕಾ? ಹುಟ್ಟಿದ ಮರಿಗೆಲ್ಲ ಹೆಸರಿಟ್ಟು ಸಾಕಿದೀನಿ. ನಿಮ್ಮ ಮೇಷ್ಟ್ರು ಹುಟ್ಟಿದ್ದೇ ಮಿಸ್ಟೇಕು ಅಂತ ಹೇಳೋಗು!"

"ಅಲ್ವಾ ಮತ್ತೆ," ಅಂದಳು ಜುಂಜಮ್ಮ. "ಗುರಿ ಅಂತೆ ಗುರಿ. ಅದೇನು ಹಾಲು ಕೊಡ್ತೈತಾ, ಹಿಕ್ಕೆ ಹಾಕ್ತೈತಾ?"

"ಹೊಸ ಪುಸ್ತಕ ಬ್ಯಾಡ ಅಂದ್ರೆ ತಿಮ್ಮರಾಯಪ್ಪ ಸತ್ತಂಗೇ ಅಲ್ವಾ?" ಅಂದೆ ನಾನು.

ಕಾಳಕ್ಕನ ಒಂದು ಕಡೆ ಹಿಂಡು, ಇನ್ನೊಂದು ಕಡೆ ಹೆಣ. ಪಂಪಿನ ಕಡೆ ಒಮ್ಮೆ ನೋಡಿ ಕೂತುಬಿಟ್ಟಳು.

ಎತ್ತಪ್ಪ ಎರಡೂ ಪುಸ್ತಕವನ್ನು ಎರಡು ಕೈಯಲ್ಲಿ ಹಿಡಿದು, ಕುರಿಮರಿಗಳ ತೂಕ ನೋಡುವ ಹಾಗೆ ಎತ್ತಿ ಇಳಿಸಿದ. "ಎರಡೂ ಅದೇ ಮೇಷ್ಟ್ರು ಬರ್ದಿದ್ದು. ಒಬ್ಬ ಮಗ ಹೊಸದಾಗಿ ಹುಟ್ಟಿದ ಅಂತ ಹಿರೇ ಮಗನ್ನ ಬಾವಿಗಾಕ್ತೀವಾ? ಎರಡೂ ನಡೀಲಿ. ಕುರಿ ಇರ್ಲಿ. ಸತ್ತೋನು ಗುರಿ ಹೇಳಿ ಎದ್ದೇಳ್ಲಿ. ಬಾರಲೇ ಹೆಣ!"

ತಿಮ್ಮರಾಯಪ್ಪ ಬಂದು ನಡುವೆ ನಿಂತ. ಅಂಗಿಯ ಗುಂಡಿ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಯಾವ ಸೋಗೂ ಇಲ್ಲ. ಬಳೆಗಾರನಲ್ಲ, ಜೋಯಿಸನಲ್ಲ, ಬರೀ ಗಿರಣಿ ತಿಮ್ಮರಾಯಪ್ಪ. ಬಾಯಿ ತೆರೆದ, ಮುಚ್ಚಿದ.

"ನನ್ನ... ನನ್ನ..."

"ಹೇಳಲೇ, ಕೆರೆ ಬತ್ತೋದ್ರಾಗೆ," ಅಂದಳು ಜುಂಜಮ್ಮ.

ಅವನು ಕಣ್ಣು ಮುಚ್ಚಿ, ಕೈ ಎತ್ತಿ, ಕಾಳಕ್ಕ ಕೂತ ಕಡೆಗೆ ನೇರವಾಗಿ ತೋರಿಸಿ ಒಂದೇ ಉಸಿರಿಗೆ ಕೂಗಿದ:

"ನೀನೇ ನನ್ನ ಕುರಿ!"

ಐದು ವರ್ಷ ತಿರುಗಿದ ನಾಲಿಗೆ. ಒಂದು ದಿನದಲ್ಲಿ ತಿದ್ದಿಕೊಳ್ಳುತ್ತದೆಯೇ! ನಾನು ನಗುತ್ತ ಹಿಂದಕ್ಕೆ ವಾಲಿ ಸಾಲಾಗಿ ನಿಲ್ಲಿಸಿದ್ದ ಸೈಕಲ್‌ಗಳನ್ನೆಲ್ಲ ಕೆಡವಿದೆ. ರಂಗಯ್ಯ ಹೊಟ್ಟೆ ಹಿಡಿದುಕೊಂಡು ಮರಕ್ಕೆ ತಲೆ ಕೊಟ್ಟ. "ಉಣ್ಣೆ ಯಾವಾಗ ಕತ್ತರಿಸ್ತೀಯಪ್ಪ?" ಅಂತ ಜುಂಜಮ್ಮ. ತಿಮ್ಮರಾಯಪ್ಪನಿಗೆ ತಾನು ಅಂದದ್ದು ಆಗ ಕೇಳಿಸಿತು. ಅವನ ಮುಖ ನೋಡಿದರೆ ಮುಂದಿನ ಉಗಾದಿಯೇನು, ಅದರ ಮುಂದಿನ ಉಗಾದಿಗೂ ಏಳುವವನಲ್ಲ ಅನ್ನಿಸಿತು.

ಕಾಳಕ್ಕ ಎದ್ದಳು. ನಗು ಒಬ್ಬೊಬ್ಬರಲ್ಲಿ ನಿಲ್ಲುತ್ತ ಬಂತು. ಹೊಡೆಯುತ್ತಾಳೆ ಅಂತಲೇ ನಾವೆಲ್ಲ ಅಂದುಕೊಂಡೆವು. ಆಕೆ ಅವನ ಮುಂದೆ ಹೋಗಿ ನಿಂತು, ತಪ್ಪು ಹಾಕಿದ್ದ ಗುಂಡಿಗಳನ್ನು ನೋಡಿದಳು.

"ತಿಮ್ಮರಾಯಪ್ಪ."

ಆಕೆಯ ಬಾಯಲ್ಲಿ ಅವನ ಹೆಸರನ್ನು ನಾವು ಕೇಳಿದ್ದು ಅದೇ ಮೊದಲು.

"ಏನು, ಕಾಳಕ್ಕ?"

"ಇನ್ನೊಂದು ಸಲ ಅಕ್ಕ ಅಂದ್ರೆ ಹಲ್ಲು ಉದುರಿಸ್ತೀನಿ."

ಜುಂಜಮ್ಮನಂಥ ಜುಂಜಮ್ಮನೇ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಕುರಿ ಅಂದ್ಯಲ್ಲ, ಮೇಯ್ಸಾಕೆ ಬರ್ತೈತಾ ನಿಂಗೆ?" ಅಂದಳು ಕಾಳಕ್ಕ.

"ಬರಾಕಿಲ್ಲ," ಅಂದ ತಿಮ್ಮರಾಯಪ್ಪ. ಆಮೇಲೆ, ಎಲ್ಲಿಂದಲೋ ಧೈರ್ಯ ಬಂದು, "ನೀನು ಹೆಂಗೂ ಯಾರ ಮಾತೂ ಕೇಳಾಕಿಲ್ಲ. ಹಿಂದಿಂದೆ ಬರ್ತೀನಿ."

ಕಾಳಕ್ಕನ ತುಟಿ ಒಂದು ಕಡೆ ಎಳೆಯಿತು. "ನಡಿ, ಗಿರಣಿ ತಾವ ಹೋಗಾಣ. ಉಳಿದಿದ್ದು ಅಲ್ಲಿ ಮಾತಾಡಾಣ. ಈ ಕ್ವಾಣಗಳ ಮುಂದೆ ಏನು?"

ಇಬ್ಬರೂ ಹೋದರು. ಆಕೆ ಮುಂದೆ, ಅವನು ಹಿಂದೆ. ಗಿರಣಿಯ ಬಾಗಿಲು ಮುಚ್ಚಲಿಲ್ಲ, ಆದರೆ ಆ ಕಡೆ ನೋಡುವುದು ಸರಿಯಲ್ಲ ಅಂತ ನಾವೆಲ್ಲ ಬೇರೆ ಕಡೆ ನೋಡುತ್ತ ಕಿವಿಯನ್ನು ಮಾತ್ರ ಆ ಕಡೆ ಇಟ್ಟೆವು. ಏನೂ ಕೇಳಿಸಲಿಲ್ಲ. ಆಮೇಲೆ ಕಾಳಕ್ಕ ನಕ್ಕದ್ದು ಕೇಳಿಸಿತು.

ಎತ್ತಪ್ಪ ಕವಡೆ ಎತ್ತಿಕೊಂಡ. "ಸರಿ, ಆಡ್ತೀರಾ ಇಲ್ವಾ? ಐದನೇ ಸುತ್ತಿನ ಬಾಗಿಲು. ಯಾರದ್ದು ಸರದಿ?"

ಜುಂಜಮ್ಮ ಚಪ್ಪಡಿಯ ಮೇಲಿನ ಖಾಲಿ ಜಾಗ ನೋಡಿದಳು. ಅವಳ ಕಣ್ಣು ಅಗಲವಾಯಿತು.

"ಎತ್ತಪ್ಪ. ಬಾಗಿಲಾಗೆ ಕಾವಲಿಲ್ಲ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ನುಗ್ತೀವಿ!"

"ಕಾಳಕ್ಕನ ಕುರಿ?" ಅಂದ ರಂಗಯ್ಯ.

"ಅವನ್ನೂ ಹೊಡ್ಕಳ್ರಿ, ಇಲ್ಲಿ ಬಿಟ್ಟೋದ್ರೆ ಕಿರುಬ ತಿಂತೈತೆ!"

ಕವಡೆಯನ್ನೂ ಬಿಡದೆ, ದಾಳವನ್ನೂ ಎಸೆಯದೆ, ಎಲ್ಲರೂ ಒಟ್ಟಿಗೆ ಗದ್ದಲ ಮಾಡುತ್ತ, ನಾನು ನನ್ನ ಒಕ್ಕಣ್ಣಿನ ಕುರಿಯ ಕಿವಿ ಹಿಡಿದುಕೊಂಡು, ಐದನೇ ಬಾಗಿಲು ದಾಟಿಬಿಟ್ಟೆವು. ಆರನೇ ಸುತ್ತಿಗೆ ನಾವು ಯಾರೂ ಕಾಲಿಟ್ಟವರಲ್ಲ.

"ಏ, ತಡೀರಲೇ, ತಡೀರಿ!" ಎತ್ತಪ್ಪ ಎರಡೂ ಪುಸ್ತಕದ ಹಾಳೆ ಮಗುಚುತ್ತ ಕೂಗಿದ. "ಇಲ್ಲಿಗಂಟ ಬರ್ತೀರಂತ ಯಾವನಿಗೆ ಗೊತ್ತಿತ್ತು? ಇದನ್ನ ನಾನು ಓದೇ ಇಲ್ಲ!"